ಸ್ಪ್ಯಾನಿಷ್ ಭವಿಷ್ಯತ್ಕಾಲ: ಆರು ಪ್ರತ್ಯಯ, ಹನ್ನೆರಡು ಅಪವಾದ, ಒಂದು ಗುಟ್ಟು

ಸ್ಪ್ಯಾನಿಷ್ ಕಲಿಯಲು ಹೊರಟವರನ್ನು ಮೊದಲು ಸುಸ್ತು ಮಾಡುವುದು ಅದರ ಕ್ರಿಯಾಪದ. ವರ್ತಮಾನಕಾಲಕ್ಕೆ ಮೂರು ಗುಂಪಿನ ಪ್ರತ್ಯಯಗಳು, ಅದರ ಮೇಲೆ ಪದದ ಒಳಗಿನ ಸ್ವರವೇ ಬದಲಾಗುವ ಕ್ರಿಯಾಪದಗಳು. ಭೂತಕಾಲಕ್ಕೆ ಬಂದರೆ ಎರಡು ಬೇರೆ ಬೇರೆ ರೂಪ, ಉದ್ದನೆಯ ಅಪವಾದಗಳ ಪಟ್ಟಿ. ಇವನ್ನೆಲ್ಲ ಉರುಹೊಡೆದು ಭವಿಷ್ಯತ್ಕಾಲದ ಪಾಠಕ್ಕೆ ಬರುವ ಹೊತ್ತಿಗೆ ಎಷ್ಟೋ ಜನ ಪುಸ್ತಕ ಮುಚ್ಚಿಟ್ಟಿರುತ್ತಾರೆ. ಅಲ್ಲೇ ಅವರಿಗೆ ನಷ್ಟವಾಗುವುದು. ಸ್ಪ್ಯಾನಿಷ್ ಕಾಲಗಳ ಪೈಕಿ ರೂಪದ ಮಟ್ಟಿಗೆ ಇಷ್ಟು ಸಲೀಸಾದದ್ದು ಸಿಗುವುದು ಕಷ್ಟ. ಎಲ್ಲ ಕ್ರಿಯಾಪದಕ್ಕೂ ಆರೇ ಪ್ರತ್ಯಯ, ಅಪವಾದಗಳು ಹನ್ನೆರಡು. ಮನಸ್ಸಿಟ್ಟು ಕೂತರೆ ಒಂದು ಸಂಜೆಯ ಕೆಲಸ.

ತೊಡಕು ಇರುವುದು ಬಳಕೆಯಲ್ಲಿ. 'ನಾಳೆ' ಎಂಬ ಮಾತು ಬಂದ ಕಡೆಯೆಲ್ಲ ಈ ರೂಪ ಹಾಕಿದರೆ ಮಾತು ಪುಸ್ತಕದಂತೆ ಕೇಳಿಸುತ್ತದೆ. 'ಈಗ' ಎಂದಿರುವ ಕಡೆ ಈ ರೂಪ ಬಂದಾಗ ಅದರ ಅರ್ಥವೇ ಬೇರೆ. ಇಂಗ್ಲಿಷಿನ 'ವಿಲ್' ಹಿಡಿದುಕೊಂಡು ಹೋದವರು ಇಲ್ಲಿ ಮುಗ್ಗರಿಸುತ್ತಾರೆ. ಕನ್ನಡದ ಮೂಲಕ ಹೋದರೆ ದಾರಿ ಹತ್ತಿರ. ಬೆಂಗಳೂರಿನ ಕಂಪನಿಯಲ್ಲಿ ಲ್ಯಾಟಿನ್ ಅಮೆರಿಕದ ಗ್ರಾಹಕರೊಂದಿಗೆ ಮಾತನಾಡುವವರಿಗೆ, ಸ್ಪೇನಿನಲ್ಲಿ ಓದಲು ಹೊರಟವರಿಗೆ, ಸ್ಪ್ಯಾನಿಷ್ ಪ್ರಾವೀಣ್ಯ ಅಳೆಯುವ ಡೆಲೆ ಪರೀಕ್ಷೆಗೆ ಕೂರುವವರಿಗೆ ಈ ಲೇಖನ.

ಮೊದಲು ಉಚ್ಚಾರಣೆ

ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ದೀರ್ಘ ಬಂದ ಕಡೆ ಒತ್ತು ಕೊಟ್ಟು ಓದಿ. ಸ್ಪ್ಯಾನಿಷಿನಲ್ಲಿ ನಮ್ಮ ಹಾಗೆ ಹ್ರಸ್ವ, ದೀರ್ಘ ಎಂಬ ಭೇದವಿಲ್ಲ. ದೀರ್ಘದ ಗುರುತನ್ನು ಇಲ್ಲಿ ಒತ್ತಿನ ಗುರುತಾಗಿ ಮಾತ್ರ ಬಳಸಿದೆ. ಬರೆಯುವ 'ಎಚ್' ಅಕ್ಷರಕ್ಕೆ ಉಚ್ಚಾರವಿಲ್ಲ. 'ಬಿ' ಮತ್ತು 'ವಿ' ಎರಡಕ್ಕೂ ಒಂದೇ ದನಿ, ಹೆಚ್ಚುಕಡಿಮೆ ನಮ್ಮ ಬಕಾರ. ಎರಡು 'ಎಲ್' ಸೇರಿ ಬಂದರೆ ಬಹುತೇಕ ಕಡೆ ಯಕಾರ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಕಡೆ ಅದೇ ಶಕಾರವಾಗುತ್ತದೆ. ತ, ದ ನಮ್ಮ ತ, ದಗಳೇ. ಈ ವಿಷಯದಲ್ಲಿ ಇಂಗ್ಲಿಷಿನವರಿಗಿಂತ ಕನ್ನಡಿಗರ ನಾಲಿಗೆ ಮುಂದಿದೆ.

ಆರು ಪ್ರತ್ಯಯಗಳು

ನಿಘಂಟಿನಲ್ಲಿ ಸ್ಪ್ಯಾನಿಷ್ ಕ್ರಿಯಾಪದ ಸಿಗುವುದು ಮೂಲರೂಪದಲ್ಲಿ: ಅಬ್ಲಾರ್ ಎಂದರೆ ಮಾತನಾಡು, ಕೊಮೇರ್ ಎಂದರೆ ತಿನ್ನು, ಬಿಬೀರ್ ಎಂದರೆ ಬದುಕು ಅಥವಾ ವಾಸಿಸು. ಬೇರೆ ಕಾಲಗಳಲ್ಲಿ ಕೊನೆಯ 'ಆರ್', 'ಏರ್', 'ಈರ್' ಕತ್ತರಿಸಿ ಪ್ರತ್ಯಯ ಹಚ್ಚಬೇಕು. ಭವಿಷ್ಯತ್ಕಾಲದಲ್ಲಿ ಕತ್ತರಿಸುವ ಕೆಲಸವೇ ಇಲ್ಲ. ಇಡೀ ಮೂಲರೂಪವನ್ನು ಹಾಗೇ ಇಟ್ಟು ಅದರ ಬೆನ್ನಿಗೆ ಪ್ರತ್ಯಯ ಸೇರಿಸಿದರೆ ಮುಗಿಯಿತು. ಅಬ್ಲಾರ್ ಪದವನ್ನೇ ನೋಡಿ:

ನಾನು: ಅಬ್ಲರೇ
ನೀನು: ಅಬ್ಲರಾಸ್
ಅವನು, ಅವಳು, ಅದು. ಗೌರವದ 'ನೀವು': ಅಬ್ಲರಾ
ನಾವು: ಅಬ್ಲರೇಮೊಸ್
ಸಲಿಗೆಯ ಬಹುವಚನ 'ನೀವು', ಮುಖ್ಯವಾಗಿ ಸ್ಪೇನಿನಲ್ಲಿ: ಅಬ್ಲರೇಯ್ಸ್
ಅವರು, ಅವು, 'ನೀವೆಲ್ಲ': ಅಬ್ಲರಾನ್

ಏ, ಆಸ್, ಆ, ಏಮೊಸ್, ಏಯ್ಸ್, ಆನ್: ಇವೇ ಆ ಆರು. ಕೊಮೇರ್ ತೆಗೆದುಕೊಂಡರೆ ಕೊಮೆರೇ, ಕೊಮೆರಾಸ್, ಕೊಮೆರಾ. ಬಿಬೀರ್ ತೆಗೆದುಕೊಂಡರೆ ಬಿಬಿರೇ, ಬಿಬಿರಾಸ್, ಬಿಬಿರಾ. ಮೂರು ಗುಂಪಿಗೂ ಒಂದೇ ಸಾಲು. ಇನ್ನೊಂದು ಸಂತೋಷದ ಸಂಗತಿಯಿದೆ. ಬೇರೆ ಕಾಲಗಳಲ್ಲಿ ತಲೆ ತಿನ್ನುವ ಸೇರ್ (ಆಗಿರು), ಎಸ್ತಾರ್ (ಇರು), ಈರ್ (ಹೋಗು) ಇಲ್ಲಿ ಸಾಧು ಹುಡುಗರು: ಸೆರೇ, ಎಸ್ತರೇ, ಇರೇ. ಒಂದು ಕೊಂಕೂ ಇಲ್ಲ.

ಕನ್ನಡದಂತೆಯೇ ಇಲ್ಲೂ ಪ್ರತ್ಯಯವೇ ಕರ್ತೃವನ್ನು ಹೇಳಿಬಿಡುತ್ತದೆ. 'ಬರುತ್ತೇನೆ' ಎಂದ ಮೇಲೆ 'ನಾನು' ಬೇಡವಲ್ಲ, ಹಾಗೆಯೇ ಅಬ್ಲರೇ ಎಂದ ಮೇಲೆ 'ಯೋ' ಬೇಡ. ಪ್ರತಿ ವಾಕ್ಯವನ್ನೂ 'ಯೋ' ಎಂದು ಶುರುಮಾಡುವುದು ಇಂಗ್ಲಿಷ್ ಮೂಲಕ ಕಲಿತವರ ಗುರುತು. ಆದರೆ ಎರಡು ವ್ಯತ್ಯಾಸಗಳನ್ನು ನೆನಪಿಡಿ. ಕನ್ನಡದ ಕ್ರಿಯಾಪದ ಗಂಡು ಹೆಣ್ಣು ತೋರಿಸುತ್ತದೆ, ಸ್ಪ್ಯಾನಿಷಿನ ಅಬ್ಲರಾ ತೋರಿಸುವುದಿಲ್ಲ. ಹಿರಿಯರಿಗೆ, ಅಪರಿಚಿತರಿಗೆ ಹೇಳುವ 'ಉಸ್ತೇದ್', ಅಂದರೆ ಗೌರವದ ನೀವು, ಮಧ್ಯಮ ಪುರುಷದ ಪ್ರತ್ಯಯ ತೆಗೆದುಕೊಳ್ಳುವುದಿಲ್ಲ. ಅವನು, ಅವಳು ಎನ್ನುವುದಕ್ಕೆ ಹಚ್ಚುವ ಪ್ರತ್ಯಯವನ್ನೇ ತೆಗೆದುಕೊಳ್ಳುತ್ತದೆ. ಗ್ರಾಹಕ ಸೇವೆಯ ಫೋನಿನಲ್ಲಿ ಅಬ್ಲರಾಸ್ ಎಂದರೆ ಏಕವಚನದಲ್ಲಿ ಮಾತನಾಡಿಸಿದ ಹಾಗಾದೀತು.

ಒತ್ತು ತಪ್ಪಿದರೆ ಅರ್ಥ ತಪ್ಪುತ್ತದೆ

ಬರೆಯುವಾಗ 'ನಾವು' ರೂಪ ಬಿಟ್ಟು ಉಳಿದ ಐದರಲ್ಲೂ ಪ್ರತ್ಯಯದ ಸ್ವರದ ಮೇಲೆ ಒತ್ತಿನ ಗೆರೆ ಕಡ್ಡಾಯ. ಅದು ಬರಿಯ ಅಲಂಕಾರವಲ್ಲ. ಅಬ್ಲರಾ ಎಂದರೆ 'ಮಾತನಾಡುತ್ತಾನೆ, ನಾಳೆ'. ಅದೇ ಅಕ್ಷರಗಳಿಗೆ ಗೆರೆಯಿಲ್ಲದೆ ಅಬ್ಲಾರ ಎಂದು ಓದಿದರೆ ಅದು ಭವಿಷ್ಯವೇ ಅಲ್ಲ; 'ಮಾತನಾಡಿದ್ದರೆ' ಎಂಬಂಥ ವಾಕ್ಯಗಳಲ್ಲಿ ಬರುವ ಬೇರೊಂದು ರೂಪ. ಮೊಬೈಲಿನಲ್ಲಿ ಟೈಪ್ ಮಾಡುವಾಗ ಗೆರೆ ಬಿಡುವ ಚಾಳಿ ಸ್ಪ್ಯಾನಿಷ್ ಮಾತೃಭಾಷೆಯವರಿಗೂ ಇದೆ, ಸಂದರ್ಭದಿಂದ ಅವರು ಅರ್ಥ ಮಾಡಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ಅಂಕ ಹೋಗುತ್ತದೆ.

ಹನ್ನೆರಡು ಅಪವಾದಗಳು

ಅಪವಾದ ಇರುವುದು ಬುಡದಲ್ಲಿ ಮಾತ್ರ, ಪ್ರತ್ಯಯಗಳು ಅವೇ. 'ನಾನು' ರೂಪ ಗೊತ್ತಾದರೆ ಉಳಿದ ಐದು ತಾವಾಗಿ ಬರುತ್ತವೆ. ಹನ್ನೆರಡನ್ನು ಮೂರು ಗುಂಪು ಮಾಡಿಕೊಳ್ಳಿ.

ಒಂದು, ನಡುವಿನ ಸ್ವರ ಬಿದ್ದುಹೋಗುವವು. ಪೊದೇರ್ (ಸಾಧ್ಯವಾಗು) ಪೊದ್ರೇ ಆಗುತ್ತದೆ, ಸಬೇರ್ (ತಿಳಿ) ಸಬ್ರೇ, ಅಬೇರ್ (ಸಹಾಯಕ ಕ್ರಿಯಾಪದ) ಅಬ್ರೇ, ಕಬೇರ್ (ಹಿಡಿಸು, ಜಾಗವಾಗು) ಕಬ್ರೇ, ಕೆರೇರ್ (ಬಯಸು) ಕೆರ್ರೇ. ಕೊನೆಯದರಲ್ಲಿ ಎರಡು ರಕಾರವನ್ನು ಗಟ್ಟಿಯಾಗಿ ಉರುಳಿಸಬೇಕು. ಕೆರೇಮೊಸ್ ಎಂದರೆ 'ನಮಗೆ ಬೇಕು', ಕೆರ್ರೇಮೊಸ್ ಎಂದರೆ 'ನಮಗೆ ಬೇಕಾಗುತ್ತದೆ'. ನಡುವೆ ಇರುವುದು ಒಂದು ರಕಾರದ ಅಂತರ.

ಎರಡು, ಸ್ವರ ಬಿದ್ದ ಜಾಗಕ್ಕೆ ದಕಾರ ಬಂದು ಕೂರುವವು. ತೆನೇರ್ (ಹೊಂದಿರು) ತೆಂದ್ರೇ, ಬೆನೀರ್ (ಬಾ) ಬೆಂದ್ರೇ, ಪೊನೇರ್ (ಇಡು) ಪೊಂದ್ರೇ, ಸಲೀರ್ (ಹೊರಡು) ಸಲ್‌ದ್ರೇ, ಬಲೇರ್ (ಬೆಲೆಬಾಳು) ಬಲ್‌ದ್ರೇ. 'ಬರುತ್ತೇನೆ' ಎನ್ನಲು ಬೆಂದ್ರೇ ಎಂಬುದನ್ನು ಕನ್ನಡಿಗರಿಗೆ ಬೇರೆ ನೆನಪಿಸಬೇಕಿಲ್ಲ, ಧಾರವಾಡದ ವರಕವಿಯ ಹೆಸರು ಸಾಕು. ಒತ್ತನ್ನು ಮಾತ್ರ ಕೊನೆಯ ಅಕ್ಷರಕ್ಕೆ ಸರಿಸಿ.

ಮೂರು, ಮೈ ಕುಗ್ಗಿಸಿಕೊಂಡವು. ದೆಸೀರ್ (ಹೇಳು) ದಿರೇ ಆಗುತ್ತದೆ, ಅಸೇರ್ (ಮಾಡು) ಅರೇ ಆಗುತ್ತದೆ.

ಇವುಗಳಿಂದ ಹುಟ್ಟಿದ ಪದಗಳೂ ಇದೇ ಜಾಡು ಹಿಡಿಯುತ್ತವೆ. ತೆನೇರ್ ತೆಂದ್ರೇ ಆದರೆ ಮಂತೆನೇರ್ (ಕಾಪಾಡಿಕೊ) ಮಂತೆಂದ್ರೇ. ಪೊನೇರ್ ಪೊಂದ್ರೇ ಆದರೆ ಪ್ರೊಪೊನೇರ್ (ಸೂಚಿಸು) ಪ್ರೊಪೊಂದ್ರೇ. ತಪ್ಪಿಸಿಕೊಂಡದ್ದು ದೆಸೀರ್ ಮನೆತನದ ಬೆಂದೆಸೀರ್ (ಹರಸು) ಮತ್ತು ಮಲ್ದೆಸೀರ್ (ಶಪಿಸು). ಇವೆರಡೂ ಕುಗ್ಗದೆ ಬೆಂದೆಸಿರೇ, ಮಲ್ದೆಸಿರೇ ಎಂದೇ ಉಳಿಯುತ್ತವೆ.

ಪ್ರತ್ಯಯಗಳು ಬಂದದ್ದೆಲ್ಲಿಂದ?

ಉರುಹೊಡೆಯುವುದು ಹಿಡಿಸದವರಿಗೆ ಚರಿತ್ರೆ ಸಹಾಯಕ್ಕೆ ಬರುತ್ತದೆ. ಲ್ಯಾಟಿನ್ನಿನ ಹಳೆಯ ಭವಿಷ್ಯತ್ಕಾಲ ಆಡುಮಾತಿನಲ್ಲಿ ಸವೆದುಹೋಯಿತು. ಜನ ಅದರ ಬದಲು ಕ್ರಿಯಾಪದದ ಮೂಲರೂಪಕ್ಕೆ 'ಹೊಂದಿರು' ಎಂಬರ್ಥದ ಹಬೆರೆ ಪದದ ವರ್ತಮಾನ ರೂಪ ಸೇರಿಸತೊಡಗಿದರು. 'ಹಾಡುವುದು ನನಗಿದೆ' ಎಂಬ ಧಾಟಿಯ ಮಾತು ಬರಬರುತ್ತ 'ಹಾಡುತ್ತೇನೆ' ಎಂದಾಯಿತು. ಹಬೆರೆ ಇಂದಿನ ಸ್ಪ್ಯಾನಿಷಿನಲ್ಲಿ ಅಬೇರ್. ಅದರ ವರ್ತಮಾನ ರೂಪಗಳನ್ನು ಸಾಲಾಗಿ ಹೇಳಿ ನೋಡಿ: ಏ, ಆಸ್, ಆ, ಏಮೊಸ್, ಅಬೇಯ್ಸ್, ಆನ್. ನಮ್ಮ ಆರು ಪ್ರತ್ಯಯಗಳು ಇವೇ! ಐದನೆಯದರಲ್ಲಿ ಮಾತ್ರ ತಲೆ ಸವೆದಿದೆ. ಮೂಲರೂಪವನ್ನು ಕತ್ತರಿಸದೆ ಇಡುವುದೇಕೆ, ಒತ್ತು ಯಾವಾಗಲೂ ಪ್ರತ್ಯಯದ ಮೇಲೇ ಬೀಳುವುದೇಕೆ ಎಂಬ ಎರಡು ಪ್ರಶ್ನೆಗೂ ಉತ್ತರ ಇಲ್ಲಿದೆ. ಒಂದು ಕಾಲಕ್ಕೆ ಅವು ಎರಡು ಬೇರೆ ಪದಗಳಾಗಿದ್ದವು.

ಹಳೆಯ ಸ್ಪ್ಯಾನಿಷಿನಲ್ಲಿ ಈ ಬೆಸುಗೆ ಇನ್ನೂ ಸಡಿಲವಾಗಿತ್ತು. 'ನಿನಗೆ ಕೊಡುತ್ತೇನೆ' ಎನ್ನಲು ನಡುವೆ 'ನಿನಗೆ' ತೂರಿಸಿ 'ದಾರ್ ತೆ ಏ' ಎನ್ನುತ್ತಿದ್ದರು. ಇಂದು ಅದು 'ತೆ ದರೇ'. 1492ರಲ್ಲಿ ಅಚ್ಚಾದ ಅಂತೋನಿಯೊ ದೆ ನೆಬ್ರಿಖನ ಕ್ಯಾಸ್ಟಿಲಿಯನ್ ವ್ಯಾಕರಣದಲ್ಲೇ, ಭವಿಷ್ಯತ್ ರೂಪ ಮೂಲರೂಪ ಮತ್ತು ಅಬೇರ್ ಕೂಡಿ ಆದದ್ದು ಎಂಬ ವಿವರಣೆಯಿದೆ.

ನಾಳೆಯ ಮಾತಿಗೆ ಮೂರು ದಾರಿ

ಈಗ ಬಳಕೆಗೆ ಬರೋಣ. ನಾಳೆ ನಡೆಯುವುದನ್ನು ಹೇಳಲು ಸ್ಪ್ಯಾನಿಷಿನಲ್ಲಿ ಮೂರು ದಾರಿಗಳಿವೆ.

ಮೊದಲನೆಯದು ವರ್ತಮಾನಕಾಲ. ಟಿಕೆಟ್ ತೆಗೆದಾಗಿದೆ, ದಿನ ಗೊತ್ತಾಗಿದೆ ಎನ್ನುವಾಗ 'ಮನ್ಯಾನ ಸಾಲ್ಗೊ' ಎಂದರೆ ಸಾಕು, ನಾಳೆ ಹೊರಡುತ್ತೇನೆ. ಕನ್ನಡದಲ್ಲೂ ನಾವು ಮಾಡುವುದು ಇದನ್ನೇ. 'ಹೊರಡುವೆನು' ಎಂಬ ಭವಿಷ್ಯತ್ ರೂಪವನ್ನು ಶಾಲೆಯ ವ್ಯಾಕರಣಕ್ಕೂ ಕವಿತೆಗೂ ಬಿಟ್ಟು, ದಿನಬಳಕೆಗೆ 'ಹೊರಡುತ್ತೇನೆ' ಎಂದು ವರ್ತಮಾನದಲ್ಲೇ ಮುಗಿಸುತ್ತೇವೆ.

ಎರಡನೆಯದು ಮಾತುಕತೆಯ ರಾಜಮಾರ್ಗ: ಈರ್ ಪದದ ವರ್ತಮಾನ ರೂಪ, ಆಮೇಲೆ 'ಆ' ಎಂಬ ಸಣ್ಣ ಪದ, ಆಮೇಲೆ ಮೂಲರೂಪ. ಬೋಯ್ ಆ ಅಬ್ಲಾರ್ (ನಾನು ಮಾತನಾಡುತ್ತೇನೆ), ಬಾಸ್ ಆ ಅಬ್ಲಾರ್ (ನೀನು), ಬಾ ಆ ಅಬ್ಲಾರ್ (ಅವನು, ಅವಳು), ಬಾಮೊಸ್ ಆ ಅಬ್ಲಾರ್ (ನಾವು), ಬಾಯ್ಸ್ ಆ ಅಬ್ಲಾರ್ (ಸ್ಪೇನಿನ ನೀವು), ಬಾನ್ ಆ ಅಬ್ಲಾರ್ (ಅವರು). ಮನಸ್ಸಿನಲ್ಲಿರುವ ಯೋಜನೆಗೆ, ಕಣ್ಣೆದುರು ಸೂಚನೆಯಿರುವ ಸಂಗತಿಗೆ ಇದೇ ಸರಿ. ಮೋಡ ಕವಿದದ್ದನ್ನು ನೋಡಿ 'ಬಾ ಆ ಯೊಬೇರ್' ಎನ್ನುತ್ತಾರೆ: ಮಳೆ ಬರೋ ಹಾಗಿದೆ. ನಡುವಿನ 'ಆ' ಬಿಟ್ಟು 'ಬೋಯ್ ಅಬ್ಲಾರ್' ಎನ್ನುವುದು ಹೊಸಬರು ಪದೇ ಪದೇ ಮಾಡುವ ತಪ್ಪು.

ಮೂರನೆಯದು ನಾವು ಕಲಿತ ಆರು ಪ್ರತ್ಯಯಗಳ ರೂಪ. ವ್ಯಾಕರಣ ಪುಸ್ತಕಗಳು ಇದನ್ನು ಫುತೂರೊ ಸೀಂಪ್ಲೆ ಎಂದೋ ಫುತೂರೊ ಇಂಪೆರ್ಫೇಕ್ತೊ ಎಂದೋ ಕರೆಯುತ್ತವೆ, ಎರಡೂ ಒಂದೇ. ಹವಾಮಾನ ವರದಿ, ಪತ್ರಿಕೆಯ ತಲೆಬರಹ, ಕಾನೂನು, ಕರಾರು ಪತ್ರ, ರಾಶಿಫಲ, ಗಟ್ಟಿ ಭರವಸೆ ಇದರ ಜಾಗಗಳು. ವರದಿಗಾರ 'ಯೊಬೆರಾ ಮನ್ಯಾನ' ಎನ್ನುತ್ತಾನೆ: ನಾಳೆ ಮಳೆಯಾಗಲಿದೆ. ನಮ್ಮ ಪತ್ರಿಕೆಗಳ 'ಆಗಮಿಸಲಿದ್ದಾರೆ, ಉದ್ಘಾಟಿಸಲಿದ್ದಾರೆ' ಎಂಬ ಧಾಟಿಗೆ ಇದು ಹತ್ತಿರ. ಆಜ್ಞೆಯ ಬಿಗುವೂ ಇದಕ್ಕಿದೆ. ಬೈಬಲಿನ ಹತ್ತು ಆಜ್ಞೆಗಳು ಸ್ಪ್ಯಾನಿಷಿನಲ್ಲಿ ಹೆಚ್ಚಾಗಿ ಈ ರೂಪದಲ್ಲೇ ಪ್ರಚಾರದಲ್ಲಿವೆ. 1936ರ ಜುಲೈ 19ರಂದು ಮ್ಯಾಡ್ರಿಡ್ ರೇಡಿಯೊದಲ್ಲಿ ಮಾತನಾಡಿದ ಕಮ್ಯುನಿಸ್ಟ್ ನಾಯಕಿ ದೊಲೋರೆಸ್ ಇಬಾರುರಿಯಿಂದ ಮನೆಮಾತಾದ 'ನೋ ಪಸರಾನ್', ಅವರು ದಾಟಲಾರರು, ಎಂಬ ಘೋಷಣೆಯೂ ಅಷ್ಟೆ. ಅಲ್ಲಿ 'ನೋ ಬಾನ್ ಆ ಪಸಾರ್' ಎಂದಿದ್ದರೆ ಆ ಕಸುವು ಬರುತ್ತಿರಲಿಲ್ಲ.

ಲ್ಯಾಟಿನ್ ಅಮೆರಿಕದ ಆಡುಮಾತಿನಲ್ಲಿ ನಾಳೆಯ ಕೆಲಸಕ್ಕೆ ಎರಡನೆಯ ದಾರಿಯದೇ ಕಾರುಬಾರು. ಸ್ಪೇನಿನಲ್ಲಿ ಮೂರನೆಯದು ಮಾತಿನಲ್ಲೂ ಇನ್ನಷ್ಟು ಕಿವಿಗೆ ಬೀಳುತ್ತದೆ.

ಗುಟ್ಟು ಇರುವುದು ಊಹೆಯಲ್ಲಿ

ಹಾಗಾದರೆ ಮೆಕ್ಸಿಕೊ, ಕೊಲಂಬಿಯಾದವರ ಮನೆಮಾತಿನಲ್ಲಿ ಈ ಆರು ಪ್ರತ್ಯಯಗಳಿಗೆ ಕೆಲಸವೇ ಇಲ್ಲವೆ? ದಿನಕ್ಕೆ ಹತ್ತು ಸಲ ಇದೆ, ಆದರೆ ಊಹೆಗೆ. ಅದೂ ಈ ಕ್ಷಣದ ಬಗೆಗಿನ ಊಹೆಗೆ.

ಬಾಗಿಲ ಗಂಟೆ ಬಾರಿಸಿತು. ಒಳಗಿದ್ದವರು 'ಕ್ಯೇನ್ ಸೆರಾ?' ಎನ್ನುತ್ತಾರೆ. ಪದಶಃ ಹಿಡಿದರೆ 'ಯಾರಾಗುತ್ತಾರೆ?', ಅರ್ಥದಲ್ಲಿ 'ಯಾರಿರಬಹುದು?' ಗಡಿಯಾರ ಕಾಣುತ್ತಿಲ್ಲ, 'ಕೇ ಓರ ಸೆರಾ?' ಎಂದರೆ ಎಷ್ಟು ಗಂಟೆಯಾಗಿರಬಹುದು. 'ಸೆರಾನ್ ಲಸ್ ತ್ರೇಸ್', ಮೂರಾಗಿರಬೇಕು. ಎದುರಿನ ವ್ಯಕ್ತಿಯ ವಯಸ್ಸು ಅಂದಾಜು ಮಾಡಿ 'ತೆಂದ್ರಾ ತ್ರೇಯಿಂತ ಆನ್ಯೊಸ್' ಎಂದರೆ ಮೂವತ್ತಿರಬಹುದು. ಇಲ್ಲೆಲ್ಲೂ ನಾಳೆಯ ಸುದ್ದಿಯಿಲ್ಲ.

ಹೊಸದಾಗಿ ಕಲಿಯುವವರು ತಬ್ಬಿಬ್ಬಾಗುವುದು ಇಲ್ಲಿ. 'ಎಸ್ತಾ ಎನ್ ಕಾಸ' ಎಂದರೆ ಮನೆಯಲ್ಲಿದ್ದಾನೆ, ನನಗೆ ಗೊತ್ತು. 'ಎಸ್ತರಾ ಎನ್ ಕಾಸ' ಎಂದರೆ ಮನೆಯಲ್ಲಿರಬಹುದು, ಖಾತ್ರಿಯಿಲ್ಲ. ಎರಡನೆಯದನ್ನು ಕೇಳಿ, ಅವನು ಆಮೇಲೆ ಮನೆಗೆ ಬರುತ್ತಾನೆ ಎಂದುಕೊಂಡರೆ ಕಾಯುತ್ತ ಕೂರಬೇಕಾಗುತ್ತದೆ.

ಕನ್ನಡಿಗರಿಗೆ ಇದು ಹೊಸದಾಗಬೇಕಿಲ್ಲ. 'ರಾಜು ಎಲ್ಲಿ?' ಎಂದು ಕೇಳಿದರೆ 'ಮನೇಲಿರ್ತಾನೆ ಬಿಡು' ಎನ್ನುತ್ತೇವೆ. ನಾಳೆಗೂ ಸಲ್ಲುವ 'ಇರ್ತಾನೆ' ಅಲ್ಲಿ ಈ ಹೊತ್ತಿನ ಊಹೆಯಾಗಿ ದುಡಿಯುತ್ತಿದೆ. ಅದರ ಮೇಲೆ ನಮ್ಮಲ್ಲಿ ಊಹೆಗೆಂದೇ ಸಂಭಾವನಾರ್ಥಕ ರೂಪವಿದೆ: ಇದ್ದಾನು, ಬಂದಾಳು, ಆದೀತು. 'ಶ್ರೀಮಂತನಿದ್ದಾನು, ಆದರೆ ಸುಖವಾಗಿಲ್ಲ' ಎಂದು ಒಪ್ಪಿಕೊಳ್ಳುತ್ತಲೇ ಕೊಕ್ಕೆ ಹಾಕುವ ಮಾತಿಗೂ ಸ್ಪ್ಯಾನಿಷಿನಲ್ಲಿ ಭವಿಷ್ಯತ್ತೇ ಬೇಕು: 'ಸೆರಾ ರೀಕೊ, ಪೇರೊ ನೋ ಎಸ್ ಫೆಲೀಸ್.' ಆದ್ದರಿಂದ ಸೂತ್ರ ಹೀಗಿಟ್ಟುಕೊಳ್ಳಿ. ಕನ್ನಡದಲ್ಲಿ 'ಇರಬಹುದು', 'ಇದ್ದಾನು', 'ಇರ್ತಾನೆ ಬಿಡು' ಬರುವ ಕಡೆ ಸ್ಪ್ಯಾನಿಷಿನಲ್ಲಿ ಆರು ಪ್ರತ್ಯಯಗಳ ರೂಪ. ಮುಗಿದ ಕೆಲಸದ ಊಹೆಯಾದರೆ ಅಬ್ರಾ ಸೇರಿಸಿ: 'ಅಬ್ರಾ ಯೆಗಾದೊ', ತಲುಪಿರಬಹುದು.

ಎಲ್ಲಿ ಹಾಕಬಾರದು

ಎರಡು ಕಡೆ ಭವಿಷ್ಯತ್ ರೂಪಕ್ಕೆ ಪ್ರವೇಶವಿಲ್ಲ.

'ಸಿ', ಅಂದರೆ ಷರತ್ತಿನ 'ರೆ', ಬಂದ ಭಾಗದಲ್ಲಿ ವರ್ತಮಾನ ಬೇಕು: 'ಸಿ ಯ್ವೇಬೆ, ನೋ ಸಲ್‌ದ್ರೇ.' ಮಳೆ ಬಂದರೆ ಹೊರಡುವುದಿಲ್ಲ. 'ಸಿ ಯೊಬೆರಾ' ತಪ್ಪು. ಆದರೆ 'ಬರುತ್ತಾನೋ ಇಲ್ಲವೋ ಗೊತ್ತಿಲ್ಲ' ಎಂಬ ಸಂದೇಹದ 'ಸಿ' ಬೇರೆ, ಅಲ್ಲಿ ಭವಿಷ್ಯತ್ ನಡೆಯುತ್ತದೆ: 'ನೋ ಸೇ ಸಿ ಬೆಂದ್ರಾ.'

'ಕ್ವಾಂದೊ', ಅಂದರೆ 'ಆಗ' ಎಂದು ಎರಡು ಘಟನೆ ಜೋಡಿಸುವ ಪದ ಮುಂದಿನ ಸಂಗತಿಯ ಬಗ್ಗೆ ಬಂದರೆ ಸಬ್ಜಂಕ್ಟಿವ್ ಎಂಬ ರೂಪ ಬೇಕು: 'ಕ್ವಾಂದೊ ಯೇಗೆ ಆ ಕಾಸ, ತೆ ಯಮರೇ.' ಮನೆ ತಲುಪಿದಾಗ ಫೋನ್ ಮಾಡುತ್ತೇನೆ. ಇಲ್ಲಿ ಯೇಗೆ ಬದಲು ಯೆಗರೇ ಎನ್ನುವಂತಿಲ್ಲ. ಕನ್ನಡದಲ್ಲೂ 'ಬಂದರೆ', 'ತಲುಪಿದಾಗ' ಎಂಬಲ್ಲಿ ಭವಿಷ್ಯದ ಗುರುತಿಲ್ಲ, ಇರುವುದು ಭೂತಕಾಲದ ಬುಡ. ಆ ಅಭ್ಯಾಸ ನಮಗಿರುವುದರಿಂದ ನಿಯಮ ಬೇಗ ಒಗ್ಗುತ್ತದೆ. ಪ್ರಶ್ನೆಯ 'ಯಾವಾಗ'ಕ್ಕೆ ಈ ನಿಷೇಧವಿಲ್ಲ: 'ಕ್ವಾಂದೊ ಯೆಗರಾಸ್?', ಯಾವಾಗ ತಲುಪುತ್ತೀಯ? ಬರವಣಿಗೆಯಲ್ಲಿ ಪ್ರಶ್ನೆಯ ಕ್ವಾಂದೊ ಮೇಲೆ ಗೆರೆ ಇರುತ್ತದೆ.

ಎಲ್ಲ ಸೇರಿದರೆ ಹೀಗೆ

ಇಬ್ಬರು ಗೆಳತಿಯರ ಮಾತು ಕೇಳಿ:

"ಕೇ ಬಾಸ್ ಆ ಅಸೇರ್ ಮನ್ಯಾನ?" ನಾಳೆ ಏನ್ಮಾಡ್ತೀಯ?
"ಬೋಯ್ ಆ ಬೇರ್ ಆ ಮಿ ಅಬ್ವೇಲ." ಅಜ್ಜೀನ ನೋಡಬೇಕು ಅಂತಿದ್ದೀನಿ.
"ಇ ಆನ? ನೋ ಕೊಂತೇಸ್ತ." ಆನ? ಫೋನೇ ಎತ್ತುತ್ತಿಲ್ಲ.
"ಎಸ್ತರಾ ಕನ್ಸಾದ. ಸಿ ಪ್ವೇದೆ, ಬೆಂದ್ರಾ." ಸುಸ್ತಾಗಿರಬೇಕು. ಆದ್ರೆ ಬರ್ತಾಳೆ.
"ಯಾ ಬೆರೇಮೊಸ್." ನೋಡೋಣ.

ಮೊದಲ ಎರಡು ಸಾಲು ಯೋಜನೆ, ಆದ್ದರಿಂದ ಈರ್ ದಾರಿ. ಎಸ್ತರಾ ಈ ಹೊತ್ತಿನ ಊಹೆ. 'ಸಿ' ಆದ ಮೇಲೆ ಪ್ವೇದೆ ಎಂಬ ವರ್ತಮಾನ, ಪೊದ್ರಾ ಅಲ್ಲ. ಬೆಂದ್ರಾ ನಿಜವಾದ ಭವಿಷ್ಯತ್ತು. ಕೊನೆಯ 'ಯಾ ಬೆರೇಮೊಸ್' ನಮ್ಮ 'ನೋಡೋಣ' ಇದ್ದ ಹಾಗೆಯೇ, ಹೂಂ ಎಂದೂ ಅನ್ನದೆ ಉಹೂಂ ಎಂದೂ ಅನ್ನದೆ ಜಾರಿಕೊಳ್ಳುವ ಮಾತು.

ಅಭ್ಯಾಸಕ್ಕೆ

ರಾತ್ರಿ ಮಲಗುವ ಮುಂಚೆ ನಾಳೆಯ ಮೂರು ಕೆಲಸಗಳನ್ನು 'ಬೋಯ್ ಆ' ಹಚ್ಚಿ ಬರೆಯಿರಿ. ಬಸ್ಸಿಗೆ ಕಾಯುವಾಗ ಎದುರಿಗೆ ಕಂಡವರ ಬಗ್ಗೆ ಮನಸ್ಸಿನಲ್ಲೇ ಊಹಿಸಿ: ವಯಸ್ಸು ಎಷ್ಟಿರಬಹುದು, ಎಲ್ಲಿಗೆ ಹೊರಟಿರಬಹುದು. ಅಲ್ಲಿ ಸೆರಾ, ತೆಂದ್ರಾ, ಇರಾ ತಾವಾಗಿ ಬರುತ್ತವೆ. ಹನ್ನೆರಡು ಅಪವಾದಗಳನ್ನು 'ನಾನು' ರೂಪದಲ್ಲಿ ಗಟ್ಟಿಯಾಗಿ, ಕೊನೆಗೆ ಒತ್ತಿ ಹೇಳಿ.

ಈ ಶ್ರಮಕ್ಕೆ ಬೋನಸ್ ಕೂಡ ಇದೆ. 'ಮಾಡಬಹುದಿತ್ತು', 'ಬರುತ್ತೇನೆ ಎಂದಿದ್ದ' ಎಂಬಂಥ ಮಾತಿಗೆ ಬೇಕಾದ ಕಂಡಿಷನಲ್ ರೂಪಕ್ಕೂ ಇದೇ ಬುಡ, ಅವೇ ಹನ್ನೆರಡು ಅಪವಾದ. ಪ್ರತ್ಯಯ ಮಾತ್ರ ಈಯ, ಈಯಸ್, ಈಯ, ಈಯಮೊಸ್, ಈಯಯ್ಸ್, ಈಯನ್. ಪೊದ್ರೇ ಬಂದವರಿಗೆ ವಿನಯದ ಪೊದ್ರೀಯ (ಆಗಬಹುದೆ, ಸಾಧ್ಯವೆ) ಕೈಗೆ ಸಿಕ್ಕಂತೆಯೇ.

ಯಾವುದಾದರೂ ಕ್ರಿಯಾಪದದ ಬಗ್ಗೆ ಅನುಮಾನ ಬಂದರೆ, 1713ರಲ್ಲಿ ಸ್ಥಾಪನೆಯಾದ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ಆನ್‌ಲೈನ್ ನಿಘಂಟನ್ನು ತೆರೆಯಿರಿ. ಪದದ ಜೊತೆಗೆ ಅದರ ಎಲ್ಲ ಕಾಲದ ರೂಪಗಳೂ ಅಲ್ಲಿ ಉಚಿತವಾಗಿ ಸಿಗುತ್ತವೆ. ಸ್ಪ್ಯಾನಿಷ್ ಸಂಸ್ಕೃತಿ ಮತ್ತು ಭಾಷೆಗಾಗಿ ಇರುವ ಇನ್ಸ್ತಿತೂತೊ ಸೆರ್ಬಾಂತೆಸ್‌ನ ಕೇಂದ್ರ ಹೊಸದಿಲ್ಲಿಯಲ್ಲಿದೆ, ಡೆಲೆ ಪರೀಕ್ಷೆಯ ಹೊಣೆ ಆ ಸಂಸ್ಥೆಯದೇ. ಹೊಸಬರಿಗೆ ಹೇಳುವುದಿಷ್ಟು: ಮಾತನಾಡಲು 'ಬೋಯ್ ಆ'ದಿಂದ ಶುರುಮಾಡಿ, ಕೇಳಿಸಿಕೊಳ್ಳುವಾಗ ಆರು ಪ್ರತ್ಯಯಗಳ ಕಡೆ ಕಿವಿಯಿಡಿ, ಅವು ಕಿವಿಗೆ ಬಿದ್ದ ಕೂಡಲೇ 'ನಾಳೆಯೋ, ಊಹೆಯೋ' ಎಂದು ಕೇಳಿಕೊಳ್ಳಿ.